ಏಣಿ ಕಾಣುವ ಬೋಟು

ಕಳೆದ ತಿಂಗಳು ಮನೆಗೆ ಬಣ್ಣ ಹೊಡೆಸುವಾಗ ಪುಸ್ತಕದ ಬೀರುವನ್ನು ಗೋಡೆಯಿಂದ ಸರಿಸಬೇಕಾಯಿತು. ಹಿಂದುಗಡೆ ಒಂದು ಹಳೆಯ ರಟ್ಟಿನ ಫೈಲು ಸಿಕ್ಕಿಕೊಂಡಿತ್ತು. ಜೇಡರ ಬಲೆ ಒರೆಸಿ ಬಿಚ್ಚಿದೆ. ಒಳಗೆ ಏಳು ಬೋಟುಗಳು. ಅಂದರೆ ಬೋಟುಗಳ ಚಿತ್ರಗಳು. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಇದ್ದ ಬ್ರೌಸಿಂಗ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ಹಾಳೆಗಳು. ಅಂದು ನೀಲಿಯಾಗಿದ್ದ ಸಮುದ್ರ ಈಗ ಮಾಸಿ ಬದನೆಕಾಯಿ ಬಣ್ಣಕ್ಕೆ ಬಂದಿದೆ. ಪ್ರತಿ ಹಾಳೆಯ ಮೂಲೆಯಲ್ಲಿ ಕೆಂಪು ಇಂಕಿನ ಅಂಕ: ಐವತ್ತಕ್ಕೆ ಹದಿನೆಂಟು, ಐವತ್ತಕ್ಕೆ ಇಪ್ಪತ್ತಾರು, ಒಂದಕ್ಕೆ ಮಾತ್ರ ನಲವತ್ತೊಂದು. ಅಕ್ಷರ ನನ್ನದೇ. ಪ್ರಾಣಿಶಾಸ್ತ್ರದ ಉತ್ತರಪತ್ರಿಕೆ ತಿದ್ದಿ ತಿದ್ದಿ ಸವೆದ ಕೈ. ಯಾವುದನ್ನಾದರೂ ಆರಿಸು ಎಂದರೆ ಅದಕ್ಕೆ ಅಂಕ ಹಾಕುವುದೊಂದೇ ಗೊತ್ತು.

ಹಾಸನದ ಮೇಷ್ಟರಿಗೂ ಸಮುದ್ರದ ಬೋಟಿಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ಬಣ್ಣ ಹೊಡೆಯಲು ಬಂದಿದ್ದವರೂ ಅದನ್ನೇ ಕೇಳಿದರು. ಅವರಿಗೆ ಒಂದೇ ವಾಕ್ಯದಲ್ಲಿ ಉತ್ತರ ಹೇಳಿ ಮುಗಿಸಿದೆ. ನಿಮಗೆ ಹಾಗೆ ಮಾಡಲಾರೆ.

ನಾನು ಹುಟ್ಟಿದ್ದು ಹೊಳೆನರಸೀಪುರದಲ್ಲಿ. ಹೇಮಾವತಿ ನಮ್ಮ ಮನೆಯಿಂದ ಕೂಗಳತೆ. ಊರಿನ ಹೆಸರಿನಲ್ಲೇ ಹೊಳೆ ಇದ್ದರೂ ನಮ್ಮ ಮನೆಯ ಮಕ್ಕಳಿಗೆ ಹೊಳೆ ಎಂದರೆ ಮೇಲಿನ ಎರಡು ಮೆಟ್ಟಿಲು ಮಾತ್ರ. ನಮ್ಮಜ್ಜಿ ಎಡಗೈಯಲ್ಲಿ ನನ್ನ ಉಡಿದಾರ ಹಿಡಿದುಕೊಂಡು ಬಲಗೈಯಲ್ಲಿ ಚೊಂಬಿನಿಂದ ನೀರು ಹುಯ್ಯುತ್ತಿದ್ದಳು. ಉಡಿದಾರ ಬಿಟ್ಟರೆ ಮೊಮ್ಮಗ ನೇರವಾಗಿ ಕಾವೇರಿ ಸೇರಿ ಅಲ್ಲಿಂದ ಸಮುದ್ರ ಸೇರುತ್ತಾನೆಂದು ಅವಳ ನಂಬಿಕೆ. ಬೇರೆ ಬೀದಿಯ ಹುಡುಗರು ಬಂಡೆಯ ಮೇಲಿಂದ ಧುಮುಕಿ ಆಚೆ ದಡದಲ್ಲಿ ತಲೆ ಎತ್ತುವಾಗ ನಾನು ಈಚೆ ದಡದಲ್ಲಿ ಅವರ ಚಡ್ಡಿ ಅಂಗಿ ಕಾಯುತ್ತಿದ್ದೆ. ಆ ಕೆಲಸವನ್ನು ನಾನು ಬಹಳ ಶ್ರದ್ಧೆಯಿಂದ ಮಾಡಿದೆ ಎಂದು ಈಗಲೂ ಹೇಳಬಲ್ಲೆ.

ಮುಂದೆ ಓದಿ, ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕನಾದೆ. ಮನೆ ಹಾಸನದಲ್ಲಿ, ಪಾಠ ಪಟ್ಟಣದಲ್ಲಿ, ನಡುವೆ ಕೆಂಪು ಬಸ್ಸು. ನಮ್ಮ ಪ್ರಯೋಗಶಾಲೆಯಲ್ಲಿ ಸಮುದ್ರವೆಂದರೆ ಒಂದು ಕಪಾಟು: ಫಾರ್ಮಲಿನ್ ಬಾಟಲಿಯೊಳಗೆ ಬೆಳ್ಳಗೆ ಮುದುಡಿ ಕೂತ ಕಡಲ ಹೂವು, ಒಂದು ನಕ್ಷತ್ರ ಮೀನು, ಮುಷ್ಟಿ ಗಾತ್ರದ ಒಣ ಹವಳ. ಪ್ರತಿ ವರ್ಷ ಆ ಹವಳವನ್ನು ಎತ್ತಿ ಹಿಡಿದು, "ಇದು ಕಲ್ಲಲ್ಲ, ಇದರ ಒಂದೊಂದು ರಂಧ್ರದಲ್ಲೂ ಒಂದೊಂದು ಜೀವ ಇರುತ್ತೆ" ಎನ್ನುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನಿಂದ ಒಬ್ಬ, "ನೀವು ನೋಡಿದೀರಾ ಸಾ?" ಎಂದು ಕೇಳಿದ. ನಾನು "ಪರೀಕ್ಷೆಗೆ ಬೇಕಾದ್ದು ಕೇಳು" ಎಂದು ಅವನನ್ನು ಕೂರಿಸಿದೆ. ನನಗೆ ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದಾಗ ಪರೀಕ್ಷೆಯನ್ನು ಮುಂದೆ ತಂದು ನಿಲ್ಲಿಸುವುದು ನನ್ನ ವಾಡಿಕೆ.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ, ಕೊನೆಯ ಪರೀಕ್ಷೆ ಮುಗಿದ ಮಧ್ಯಾಹ್ನ, ನನ್ನ ತರಗತಿಯ ನಾಲ್ವರು ಊರಾಚೆಯ ಕೆರೆಗೆ ಈಜಲು ಹೋದರು. ಮೂವರು ಓಡಿಬಂದರು. ನಾನು ಹೋಗುವಷ್ಟರಲ್ಲಿ ಏರಿಯ ಮೇಲೆ ಜನ ಸೇರಿದ್ದರು. ನೀರು ಚಲನೆಯಿಲ್ಲದೆ ನಿಂತಿತ್ತು. ಯಾರೋ ಕಟ್ಟಾಯಕ್ಕೆ ಫೋನ್ ಮಾಡಿ, ಅಲ್ಲಿನ ಹೈಸ್ಕೂಲಿನ ಪಿ.ಟಿ. ಮೇಷ್ಟ್ರಿಗೆ ಹೇಳಿಕಳಿಸಿದ್ದರು. ಎರಡು ಗಂಟೆಯ ಮೇಲೆ ಅವರು ಟಿ.ವಿ.ಎಸ್. ಗಾಡಿಯಲ್ಲಿ ಬಂದರು. ಕುಳ್ಳಗೆ, ಗಟ್ಟಿಯಾಗಿ, ಶಾಲೆಯ ಸೀಟಿ ಕೊರಳಲ್ಲೇ ಇತ್ತು. ಯಾರನ್ನೂ ಏನೂ ಕೇಳದೆ ಓಡಿಬಂದ ಹುಡುಗರನ್ನು ಮಾತ್ರ ಹತ್ತಿರ ಕರೆದು, "ಎಲ್ ಇಳುದ್ರಿ? ಅವ್ನ್ ಕೊನೇಗ್ ಎಲ್ ಕಂಡ?" ಎಂದು ಮೆಲ್ಲಗೆ ವಿಚಾರಿಸಿದರು. ಅಂಗಿ, ಸೀಟಿ, ಗಡಿಯಾರ ಬಿಚ್ಚಿ ಪಕ್ಕದಲ್ಲಿದ್ದ ನನ್ನ ಕೈಗೆ ಕೊಟ್ಟರು. ದಡದಲ್ಲಿ ಬಟ್ಟೆ ಕಾಯುವ ಕೆಲಸ ಮತ್ತೆ ನನ್ನ ಪಾಲಿಗೆ ಬಂತು.

ಆರೋ ಏಳೋ ಸಲ ಮುಳುಗಿದ ಮೇಲೆ ಅವರು ಹುಡುಗನನ್ನು ತೋಳಿನಲ್ಲಿ ಮಲಗಿಸಿಕೊಂಡು ಬಂದರು. ನಿದ್ದೆ ಹೋದ ಮಗುವನ್ನು ಬಸ್ಸಿನಿಂದ ಇಳಿಸಿಕೊಳ್ಳುವ ಹಾಗೆ. ತಂದೆಯ ಮುಂದೆ ಮಲಗಿಸಿ, ಬಟ್ಟೆ ಹೊದಿಸಿ, ದೂರ ಹೋಗಿ ನಿಂತರು. ಯಾರೋ ನೋಟು ಹಿಡಿದುಕೊಂಡು ಹೋದರೆ ಬೆನ್ನು ತಿರುಗಿಸಿದರು. ನನ್ನ ಬಳಿ ಬಂದು, "ಸಾ, ವಾಚು" ಎಂದರು. ನಾನು ಕೊಟ್ಟೆ. ಏನಾದರೂ ಹೇಳಬೇಕಿತ್ತು. ಹೇಳಲಾಗಲಿಲ್ಲ.

ಹದಿನೈದು ದಿನದ ಮೇಲೆ ಆ ಮಾತು ಹೇಳಲೆಂದೇ ಕಟ್ಟಾಯದ ಶಾಲೆಗೆ ಹೋದೆ. ಪುಟ್ಟಸ್ವಾಮಿ ಎಂದು ಹೆಸರು, ಅರಕಲಗೂಡು ಕಡೆಯ ಹಳ್ಳಿಯ ಒಕ್ಕಲು ಮನೆಯವರು ಎಂದು ಗೊತ್ತಾಗಿದ್ದು ಆಗ. ಖೋ-ಖೋ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ನಾನು ಸಿದ್ಧ ಮಾಡಿಕೊಂಡಿದ್ದ ಕೃತಜ್ಞತೆಯ ಮಾತನ್ನೆಲ್ಲ ಕೇಳಿ, "ಅದೆಲ್ಲ ಇರ್ಲಿ ಸಾ. ನಿಮ್ಗ್ ಈಜ್ ಬತ್ತದಾ?" ಎಂದರು.

"ಇಲ್ಲ."

"ಒಳೆನರ್ಸೀಪುರ್ದೋರು ಅಂತೀರ."

"ಹೊಳೆಯ ಮೆಟ್ಟಿಲಿನವರು."

ಅವರು ನಗಲಿಲ್ಲ. "ಮೇಷ್ಟ್ರಿಗೇ ಬರ್ದಿದ್ರೆ ಉಡುಗ್ರಿಗ್ ಯಾರ್ ಏಳ್ಕೊಡ್ತರೆ? ಭಾನುವಾರ ಮೊಸಳೆಗ್ ಬನ್ನಿ. ನಮ್ ಮಾವುರ್ ತ್ವಾಟ್ದಾಗೆ ಬಾವಿ ಅದೆ."

ಹಾಗೆ ನಾನು ನಲವತ್ತನೆಯ ವಯಸ್ಸಿಗೆ ಈಜು ಕಲಿತೆ. ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ "ಮೊಸಳೆಯಲ್ಲಿ" ಎಂದರೆ ಹೊರಗಿನವರು ಬೆಚ್ಚುತ್ತಾರೆ. ಅದು ಊರಿನ ಹೆಸರು, ಜೋಡಿ ಗುಡಿಯ ಮೊಸಳೆ ಎಂದು ಬಿಡಿಸಿ ಹೇಳಬೇಕು. ಗೋಡೆಗೆ ಚಾಚಿದ ಕಲ್ಲುಚಪ್ಪಡಿಗಳ ಮೇಲೆ ಹೆಜ್ಜೆಯಿಟ್ಟು ಇಳಿಯುವ ಹಳೆಯ ಬಾವಿ. ಸೊಂಟಕ್ಕೆ ಟ್ರ್ಯಾಕ್ಟರಿನ ಟ್ಯೂಬು. ಪಕ್ಕದ ಹೊಲದಲ್ಲಿ ಕಳೆ ಕೀಳುವ ಹೆಂಗಸರು ಪ್ರತಿ ಭಾನುವಾರ ನಾನು ಮೇಲೆ ಬಂದ ಮೇಲೆ, "ಮೇಷ್ಟ್ರು ಇವತ್ತೂ ಉಳ್ಕಂಡ್ರು ಕಣಮ್ಮಿ" ಎಂದು ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು. ಒಂದು ಬೇಸಿಗೆ ಪೂರ್ತಿ ಹಿಡಿಯಿತು. ಟ್ಯೂಬು ಬಿಟ್ಟು ಬಾವಿಗೆ ಒಂದು ಸುತ್ತು ಬಂದ ದಿನ ಮನೆಗೆ ಹೋಗಿ ಹೆಂಡತಿ ವಸಂತಳ ಮುಂದೆ ಸುಮ್ಮನೆ ಕೂತೆ. "ಯಾಕ್ರೀ, ಜ್ವರವೇ?" ಎಂದು ಹಣೆ ಮುಟ್ಟಿ ನೋಡಿದಳು.

ಪುಟ್ಟಸ್ವಾಮಿಯವರ ಸ್ನೇಹ ಹಾಗೆ ಬೆಳೆಯಿತು. ಅವರಿಗೆ ಕರೆ ಬರುತ್ತಲೇ ಇತ್ತು. ಒಮ್ಮೆ ಸಾಲಗಾಮೆ ಕಡೆಯ ಕೆರೆ, ಒಮ್ಮೆ ನಾಲೆ, ಒಮ್ಮೆ ಕಲ್ಲು ತೆಗೆದ ಹೊಂಡ. ಪಾಠದ ನಡುವೆಯೇ ಎದ್ದು ಹೋಗುತ್ತಿದ್ದರು. ಯಾರಿಂದಲೂ ಏನೂ ಮುಟ್ಟಿದವರಲ್ಲ. ಆ ಬಗ್ಗೆ ಮಾತೂ ಇಲ್ಲ. ನಾನು ಕೇಳಿದವನಲ್ಲ.

ಹತ್ತು ವರ್ಷ ಕಳೆದ ಮೇಲೆ, ಎರಡು ಸಾವಿರದ ಆರೋ ಏಳೋ ಇರಬೇಕು, ಒಂದು ಸಂಜೆ ಅವರು ಮಗಳ ಮದುವೆಯ ಕಾಗದ ಕೊಡಲು ಮನೆಗೆ ಬಂದರು. ಟಿ.ವಿ.ಯಲ್ಲಿ ಹವಳದ ದಿಬ್ಬಗಳ ಕಾರ್ಯಕ್ರಮ ಬರುತ್ತಿತ್ತು. ವಸಂತ ಕೊಟ್ಟ ಕಾಫಿ ಕೈಯಲ್ಲೇ ಆರಿತು. ಅವರು ಕುಳಿತುಕೊಳ್ಳದೆ ನಿಂತೇ ನೋಡಿದರು.

"ಸಾ, ಇದು ನೀರೊಳ್ಗಾ?"

"ಹೌದು. ಸಮುದ್ರದ ತಳ."

"ಇಷ್ಟ್ ಬೆಳಕಾ?"

ಕಾರ್ಯಕ್ರಮ ಮುಗಿದು ಸಾಬೂನಿನ ಜಾಹೀರಾತು ಬಂದ ಮೇಲೂ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು: "ಇಪ್ಪತ್ತೊರ್ಸದಿಂದ ನೀರ್ಗಿಳೀತಿವ್ನಿ ಸಾ. ಎಣ ಬುಟ್ರೆ ಇನ್ನೇನೂ ಸಿಕ್ಕಿಲ್ಲ. ಅದ್ನೂ ಕಣ್ಣಲ್ ನೋಡಿಲ್ಲ. ಕೆಸ್ರು ನೀರು, ಕಣ್ ಮುಚ್ಕಂಡೇ ಕೈಯಾಡುಸ್ಬೇಕು, ಕೈಗ್ ತಗಲ್ಬೇಕು. ನೀರೊಳ್ಗೆ ಬದುಕಿರದ್ನ ಒಂದ್ ಸತಿ ನೋಡ್ಬೇಕಲ್ಲ ಸಾ."

ನಾನು ಇಪ್ಪತ್ತು ವರ್ಷ ಬಾಟಲಿಯಲ್ಲಿ ಸತ್ತದ್ದನ್ನು ತೋರಿಸಿ ಸಮುದ್ರದ ಪಾಠ ಮಾಡಿದವನು. "ನಾನೂ ನೋಡಿಲ್ಲ ಪುಟ್ಟಸ್ವಾಮಿ" ಎಂದೆ. ವಸಂತ ನಮ್ಮಿಬ್ಬರ ಮುಖವನ್ನೂ ನೋಡಿ, ಕಾಫಿ ಬಿಸಿ ಮಾಡಿ ತರುತ್ತೇನೆಂದು ಲೋಟ ತೆಗೆದುಕೊಂಡು ಒಳಗೆ ಹೋದಳು. ಗಂಡ ಕೈ ಬಿಟ್ಟುಹೋದ ಎಂದು ಅವಳಿಗೆ ಗೊತ್ತಾಗಿದ್ದು ಆಗಲೇ ಅಂತೆ.

ಮದುವೆ ಮುಗಿಯಿತು. ಬೆಂಗಳೂರಿನ ಒಂದು ಈಜುಕೊಳದಲ್ಲಿ ನಾಲ್ಕು ಭಾನುವಾರ ಉಸಿರಾಟದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ತರಬೇತಿ ಮಾಡಿದೆವು. ಕಲಿಸುವ ಯುವಕ ಪುಟ್ಟಸ್ವಾಮಿಯವರಿಗೆ ಒಂದೇ ಮಾತು ಹೇಳಿ ಸೋತ: "ಅಂಕಲ್, ಕೈ ಬೀಸಬೇಡಿ, ಕೈ ಕಟ್ಕೊಂಡು ಹೋಗಿ." ನನಗೆ ಹೇಳಿದ್ದು ಇನ್ನೂ ಉದ್ದ, ಅದು ಬೇಡ. ಕೊಳದ ಪಾಠಕ್ಕೆ ಚೀಟಿ ಕೊಟ್ಟ. ಸಮುದ್ರದ ಪಾಠವನ್ನು ಸಮುದ್ರದಲ್ಲೇ ಮುಗಿಸಬೇಕಂತೆ.

ಅಲ್ಲಿಂದ ಬೋಟಿನ ಹುಡುಕಾಟ. ದಡದ ಲಾಡ್ಜಿನಲ್ಲಿದ್ದು ದಿನಾ ಬೋಟಿನಲ್ಲಿ ಹೋಗಿಬರುವುದು ಒಂದು ಬಗೆ. ಬೋಟಿನಲ್ಲೇ ಮಲಗಿ, ಉಂಡು, ದಿನಕ್ಕೆ ಮೂರು ನಾಲ್ಕು ಸಲ ಮುಳುಗಿ, ನಾಲ್ಕೈದು ದಿನ ಸಮುದ್ರದ ಮೇಲೆಯೇ ಇರುವುದು ಇನ್ನೊಂದು. ಲಿವ್‌ಅಬೋರ್ಡ್ ಎನ್ನುತ್ತಾರೆ. ಒಳ್ಳೆಯ ಹವಳವೆಲ್ಲ ದಡದಿಂದ ದೂರ. ಹೋಗಿಬರುವುದರಲ್ಲೇ ದಿನ ಮುಗಿಯುತ್ತದೆ. ಪುಟ್ಟಸ್ವಾಮಿ ಲೆಕ್ಕ ಹಾಕಿ, "ಬೋಟ್ನಾಗೇ ವಾಸ ಅಂದ್ರೆ ಲಾಡ್ಜ್ ಬಾಡ್ಗೆ ಉಳೀತು, ಓಟ್ಲ್ ಊಟ ಉಳೀತು. ಇದೇ ಸರಿ" ಎಂದು ತೀರ್ಮಾನ ಕೊಟ್ಟರು. ಮಾಲ್ಡೀವ್ಸ್ ನಮ್ಮ ಸಂಬಳಕ್ಕೆ ಮುಖ ಕೊಡಲಿಲ್ಲ. ಥಾಯ್ಲೆಂಡಿನ ಕಡೆಯ ಸಮುದ್ರ ಕೈಗೆಟುಕುವಂತೆ ಕಂಡಿತು.

ಬ್ರೌಸಿಂಗ್ ಸೆಂಟರ್ ನಡೆಸುತ್ತಿದ್ದ ಶೈಲಜಾ ಎಂಬಾಕೆಗೆ ನಾನು ಇಂದಿಗೂ ಋಣಿ. ನಾನು ಮೊದಲ ದಿನ ಹುಡುಕಿದ ಬೋಟುಗಳೆಲ್ಲ ಮಾರಾಟಕ್ಕಿದ್ದವು. "ಸರ್, ನೀವು ಡೈವ್ ಅಂತ ಹೊಡೀತಿಲ್ಲ, ಡ್ರೈವ್ ಅಂತ ಹೊಡೀತಿದೀರ" ಎಂದು ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಆಮೇಲೆ ಒಂದೂವರೆ ತಿಂಗಳು, ಕಾಲೇಜಿನಿಂದ ಬಂದ ಮೇಲೆ ಸಂಜೆ ಒಂದು ಗಂಟೆ ಹೊತ್ತು, ಅವರು ಹುಡುಕಿಕೊಡುವುದು, ನಾನು ಓದುವುದು, ಪುಟ್ಟಸ್ವಾಮಿ ಶನಿವಾರ ಬಂದು ತಳ್ಳಿಹಾಕುವುದು.

ಅಗ್ಗದ ಬೋಟು ಆರಿಸುವುದು ಎಂದರೆ ಅಗ್ಗ ಯಾವುದು ಎಂದು ಮೊದಲು ತಿಳಿಯುವುದು. ಅದು ನನಗೆ ಗೊತ್ತಿರಲಿಲ್ಲ. ದೊಡ್ಡ ಅಕ್ಷರದಲ್ಲಿ ಕಡಿಮೆ ಬೆಲೆ ಬರೆದ ಬೋಟು ಕೆಳಗೆ ಸಣ್ಣ ಅಕ್ಷರದಲ್ಲಿ ರಾಷ್ಟ್ರೀಯ ಉದ್ಯಾನದ ಶುಲ್ಕ ಬೇರೆ, ಬಾಡಿಗೆಯ ಉಡುಪು ಬೇರೆ, ಕೊನೆಗೆ ಕುಡಿಯುವ ಸೋಡಾ ಬೇರೆ ಎನ್ನುತ್ತಿತ್ತು. ಮಳೆಗಾಲದ ಅಂಚಿನಲ್ಲಿ ಹೋದರೆ ಬೆಲೆ ಇಳಿಯುತ್ತದೆ, ಗಾಳಿ ಏರುತ್ತದೆ. ಕೊನೆಯ ಮುಳುಗಿನ ಮೇಲೆ ಒಂದು ದಿನ ಕಳೆಯದೆ ವಿಮಾನ ಹತ್ತಬಾರದು, ಆದ್ದರಿಂದ ಒಂದು ದಿನದ ಲಾಡ್ಜು ತಪ್ಪಿದ್ದಲ್ಲ. ಇದನ್ನೆಲ್ಲ ತಿಳಿದುಕೊಂಡು ನಾನು ಪಟ್ಟಿ ಮಾಡಿದೆ. ಮಂಚ, ಫ್ಯಾನು, ಕಕ್ಕಸು, ಸಸ್ಯಾಹಾರ, ಒಬ್ಬ ಗೈಡಿಗೆ ಎಷ್ಟು ಜನ. ಎಲ್ಲಕ್ಕೂ ಅಂಕ ಹಾಕಿದೆ. ಎಲ್ಲಕ್ಕಿಂತ ಅಗ್ಗದ ಬೋಟಿಗೆ ನನ್ನ ಕೈಯಲ್ಲಿ ನಲವತ್ತೆಂಟು ಬಂತು. ಊಟದ ಮೇಜಿನ ಮೇಲೆ ಅನಾನಸು ಕೆತ್ತಿ ಇಟ್ಟಿದ್ದ ಚಿತ್ರ ನೋಡಿ ಕೈ ಸಡಿಲವಾಗಿತ್ತು.

ಪುಟ್ಟಸ್ವಾಮಿ ಆ ಹಾಳೆಗಳನ್ನು ತಿರುವಿ ತಿರುವಿ ನೋಡಿ, "ಏಣಿ ಎಲ್ಲದೆ ಸಾ?" ಎಂದರು.

"ಯಾವ ಏಣಿ?"

"ನೀರಿಂದ ಮೇಲಕ್ ಅತ್ತೋ ಏಣಿ. ಅನಾನಸ್ ತೋರ್ಸವ್ರೆ, ಆಸಿಗೆ ತೋರ್ಸವ್ರೆ. ಏಣಿ ತೋರ್ಸಿಲ್ಲ. ಇಳಿಯೋದ್ ಯಾರಾದ್ರೂ ಇಳೀತಾರೆ ಸಾ. ಅಲೆ ಒಡೀತಿರ್ವಾಗ ಬೆನ್ ಮ್ಯಾಗೆ ಬಂಡೆಯಂಗೆ ಸಿಲಿಂಡ್ರು ಇಟ್ಕಂಡು ಅತ್ತೋದ್ ಎಂಗೆ? ಸಾಯೋನು ದಡದತ್ರವೇ ಸಾಯೋದು, ನಡ್ನೀರ್ನಾಗಲ್ಲ."

ಇಪ್ಪತ್ತು ವರ್ಷದ ಅನುಭವ ಹೇಳಿದ ಮಾತು. ನಾನು ನಲವತ್ತೆಂಟನ್ನು ಹೊಡೆದುಹಾಕಿ ಹದಿನೆಂಟು ಬರೆದೆ. ಏಳು ಬೋಟಿನ ಪೈಕಿ ಏಣಿ ಚೆನ್ನಾಗಿ ಕಾಣುವ ಚಿತ್ರ ಎರಡರಲ್ಲಿ ಮಾತ್ರ ಇತ್ತು. ಅದರಲ್ಲೊಂದು ಮರದ ಹಳೆಯ ಬೋಟು, ಬಣ್ಣವೂ ಸುಮಾರು. ಆದರೆ ಏಣಿ ಅಗಲವಾಗಿ, ನೀರಿನೊಳಕ್ಕೆ ಆಳವಾಗಿ ಇಳಿದಿತ್ತು.

ಪುಟ್ಟಸ್ವಾಮಿ ಇಷ್ಟಕ್ಕೇ ಬಿಡಲಿಲ್ಲ. ನನ್ನಿಂದ ಇಂಗ್ಲಿಷಿನಲ್ಲಿ ಪ್ರಶ್ನೆಪತ್ರಿಕೆ ಬರೆಸಿ ಏಳು ಬೋಟಿನವರಿಗೂ ಕಳಿಸಿದರು. ಆಮ್ಲಜನಕ ಇದೆಯೇ, ಎಷ್ಟು ಹೊತ್ತು ಸಾಕಾಗುತ್ತದೆ? ರಕ್ಷಣೆಯ ತೆಪ್ಪ ಎಷ್ಟು ಜನಕ್ಕೆ? ಹತ್ತಿರದ ಆಸ್ಪತ್ರೆ ಎಷ್ಟು ಗಂಟೆಯ ದಾರಿ? ಕಲಿಯುವವರ ಸಮುದ್ರದ ಪಾಠ ಬೋಟಿನಲ್ಲೇ ಮುಗಿಸುತ್ತೀರಾ? ಕೊನೆಯ ಪ್ರಶ್ನೆ ಅವರದೇ ಮಾತು: "ಯಾರಾದ್ರೂ ಮೇಲಕ್ ಬರ್ಲಿಲ್ಲ ಅಂದ್ರೆ ಯಾರ್ ಇಳೀತಾರೆ?" ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಶೈಲಜಾ ಕೀಬೋರ್ಡಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು.

ಅನಾನಸಿನ ಬೋಟು ಎಲ್ಲಕ್ಕೂ ಸೇರಿಸಿ, "ನೋ ಪ್ರಾಬ್ಲಂ ಮೈ ಫ್ರೆಂಡ್" ಎಂದು ಒಂದೇ ಸಾಲು ಬರೆಯಿತು. ಕೆಲವರು ಉತ್ತರವನ್ನೇ ಬರೆಯಲಿಲ್ಲ. ಮರದ ಬೋಟಿನಿಂದ ಮೂರನೆಯ ದಿನ ಉದ್ದನೆಯ ಪತ್ರ ಬಂತು. ಬರೆದವರು ಬೋಟಿನ ಯಜಮಾನಿ, ನೋಯ್ ಎಂಬ ಥಾಯ್ ಹೆಂಗಸು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಶಾಲೆಯ ಹಿಂದಿನ ಬೆಂಚಿನವು, ಅರ್ಥವಾಗಲು ಕಷ್ಟವಾಗಲಿಲ್ಲ. ಬೋಟು ಹಳತು, ಎಂಜಿನ್ ಸದ್ದು ಜಾಸ್ತಿ, ನಿಮ್ಮ ಮಂಚ ಎಂಜಿನ್ನಿನ ಪಕ್ಕಕ್ಕೇ ಬರುತ್ತದೆ, ಅದಕ್ಕೇ ಅಗ್ಗ. ಗಾಳಿ ಕೆಟ್ಟರೆ ಹೇಳಿದ ಜಾಗಕ್ಕೆ ಕರೆದೊಯ್ಯುವುದಿಲ್ಲ, ಅದಕ್ಕೆ ದುಡ್ಡು ವಾಪಸು ಕೇಳಬೇಡಿ. ಆಮ್ಲಜನಕ, ತೆಪ್ಪ, ಆಸ್ಪತ್ರೆ ಎಲ್ಲಕ್ಕೂ ಒಂದೊಂದಾಗಿ ಉತ್ತರ. ಕೊನೆಯ ಪ್ರಶ್ನೆಗೆ: "ನಾನು ಇಳಿಯುತ್ತೇನೆ. ಪ್ರತಿ ಪ್ರಯಾಣದಲ್ಲೂ ನಾನಿರುತ್ತೇನೆ. ಹೀಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಕೇಳಿದವರು ಏನು ಕೆಲಸ ಮಾಡುತ್ತಾರೆ?"

ನಾನು ಓದಿ ಹೇಳಿದೆ. ಪುಟ್ಟಸ್ವಾಮಿ, "ಈಯಮ್ಮನ್ ಬೋಟೇ ಕಣ್ ಸಾ" ಎಂದರು. ನಲವತ್ತೊಂದು ಅಂಕ ಬಿದ್ದಿದ್ದು ಹೀಗೆ. ಒಂಬತ್ತು ಅಂಕ ಕಳೆದದ್ದು ಎಂಜಿನ್ ಸದ್ದಿಗೆ.

ಸುನಾಮಿ ಬಂದುಹೋಗಿ ಹೆಚ್ಚು ವರ್ಷವಾಗಿರಲಿಲ್ಲ. ವಸಂತ ಅದನ್ನು ಒಮ್ಮೆ ಮಾತ್ರ ನೆನಪಿಸಿದಳು. ಆಮೇಲೆ, "ಅವರ ಜೊತೆ ಹೋಗ್ತೀರಿ ಅಂತ ಒಪ್ತೀನಿ. ನೀವೊಬ್ಬರೇ ಆಗಿದ್ದರೆ ಬಚ್ಚಲಿಗೂ ಕಳಿಸ್ತಿರಲಿಲ್ಲ" ಎಂದು ಚಟ್ನಿಪುಡಿ ಕುಟ್ಟಲು ಶುರು ಮಾಡಿದಳು. ಪುಟ್ಟಸ್ವಾಮಿಯವರ ಪಾಸ್‌ಪೋರ್ಟಿಗೆ ವಿಚಾರಣೆಗೆಂದು ಪೊಲೀಸಿನವರು ಹಳ್ಳಿಯ ಮನೆಗೆ ಹೋದರೆ, ಜಗುಲಿಯಲ್ಲಿದ್ದ ಅವರ ತಾಯಿ ಕಾಳಮ್ಮ, "ಯಾವ್ ಕೆರೆನಪ್ಪ?" ಎಂದರಂತೆ. "ಕೆರೆ ಅಲ್ಲ ಕಣವ್ವ, ಈ ಸತಿ ಸಮುದ್ರ" ಎಂದು ನಕ್ಕ ಪೊಲೀಸಿನವರು, "ಪುಟ್ಟಸ್ವಾಮಣ್ಣಂದ್ ನಾವೇನ್ ವಿಚಾರ್ಸದು" ಎಂದು ಮಜ್ಜಿಗೆ ಕುಡಿದು ಸಹಿ ಹಾಕಿ ಹೋದರು.

ಫೆಬ್ರವರಿಯಲ್ಲಿ ಹೊರಟೆವು. ಬೋಟು ಚಿತ್ರದಲ್ಲಿದ್ದಂತೆಯೇ ಇತ್ತು; ಅಗ್ಗದ ವಸ್ತುವಿನ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ನೋಯ್ ನನಗಿಂತ ಎರಡು ಗೇಣು ಗಿಡ್ಡ, ಬಿಸಿಲಿಗೆ ಕಪ್ಪಾದ ಮುಖ, ಐವತ್ತರ ಆಸುಪಾಸು. ಪುಟ್ಟಸ್ವಾಮಿ ಹಲಗೆ ದಾಟಿದವರೇ ಹಿಂಭಾಗಕ್ಕೆ ಹೋಗಿ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿದರು. ಅದು ಅಲುಗಲಿಲ್ಲ. ನೋಯ್ ಇದನ್ನು ನೋಡಿ, ನನ್ನ ಕಡೆ ತಿರುಗಿ, "ಪ್ರಶ್ನೆ ಕೇಳಿದವರು ಇವರೇನಾ?" ಎಂದರು. ಹೌದೆಂದೆ. ಅವರು ಮಾಡುವ ಕೆಲಸವನ್ನು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ನೋಯ್ ಎರಡು ಕೈ ಜೋಡಿಸಿ ತಲೆ ಬಗ್ಗಿಸಿದರು. ನಮಸ್ಕಾರಕ್ಕೆ ಭಾಷಾಂತರ ಬೇಕಾಗಲಿಲ್ಲ.

ಅಡುಗೆಯವನು ಸಾರಿಗೂ ಪಲ್ಯಕ್ಕೂ ಮೀನಿನ ರಸ ಹಾಕುವವನು. ಮೊದಲ ಊಟ ನಾನು ಅನ್ನ, ಚಟ್ನಿಪುಡಿ, ಬಾಳೆಹಣ್ಣಿನಲ್ಲಿ ಮುಗಿಸಿದೆ. ಅದನ್ನು ಕಂಡ ಆತ ಮರುದಿನದಿಂದ ನನಗೆಂದೇ ತೆಂಗಿನ ಹಾಲಿನಲ್ಲಿ ಕುಂಬಳಕಾಯಿ ಬೇಯಿಸಿಟ್ಟ. ನಮ್ಮ ಕೂಟಿನ ದೂರದ ನೆಂಟನಂತಿತ್ತು. ಕೇಳದೆ ಮಾಡಿದ ಆ ಕುಂಬಳಕಾಯಿಯನ್ನು ನಾನು ಮರೆತಿಲ್ಲ.

ಎರಡನೆಯ ದಿನ ಬೆಳಿಗ್ಗೆ ಸಮುದ್ರಕ್ಕೆ ಮೊದಲ ಸಲ ಇಳಿದೆವು. ಹಗ್ಗ ಹಿಡಿದು ಮೆಲ್ಲಗೆ ಕೆಳಕ್ಕೆ. ನನ್ನ ಕಿವಿ ತಕರಾರು ತೆಗೆಯಿತು. ನೋಯ್ ನನ್ನನ್ನು ಒಂದಾಳು ಮೇಲಕ್ಕೆ ಕರೆದೊಯ್ದು, ಮೂಗು ಹಿಡಿದು ಊದಿಸಿ, ಕಿವಿ ಬಿಡುವವರೆಗೂ ಅವಸರವಿಲ್ಲದೆ ಕಾದರು. ನಿನ್ನ ದಡ್ಡ ವಿದ್ಯಾರ್ಥಿಗಾಗಿ ನೀನು ಹೀಗೆ ಕಾದದ್ದುಂಟೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಉತ್ತರ ಬೇಡ.

ಕೆಳಗೆ ಮರಳಿನ ತಳ ಮುಟ್ಟಿ ತಿರುಗಿ ನೋಡಿದರೆ ಪುಟ್ಟಸ್ವಾಮಿ ನಮಗಿಂತ ಮೊದಲೇ ಅಲ್ಲಿದ್ದರು. ಎರಡೂ ಕೈ ಮುಂದಕ್ಕೆ ಚಾಚಿ, ಬೆರಳು ಅಗಲಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ಆಡಿಸುತ್ತ ಮುಂದುವರಿಯುತ್ತಿದ್ದರು. ಭತ್ತದ ರಾಶಿಯಲ್ಲಿ ಕಳೆದ ಉಂಗುರ ಹುಡುಕುವವರ ಹಾಗೆ. ನಾನು ಹತ್ತಿರ ಹೋದೆ. ಮುಖಕ್ಕೆ ಹಾಕಿದ ಗಾಜಿನ ಹಿಂದೆ ಅವರ ಕಣ್ಣು ಮುಚ್ಚಿದ್ದವು.

ಅವರ ಸುತ್ತ, ತೋಳಿಗೆ ತಗಲುವಷ್ಟು ಹತ್ತಿರ, ಹಳದಿ ಮೀನುಗಳ ಒಂದು ಗುಂಪು ಎರಡಾಗಿ ಸೀಳಿ ಹಿಂದೆ ಮತ್ತೆ ಒಂದಾಗುತ್ತಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ಅವರು ಯಾವುದೋ ಕೆರೆಯಲ್ಲಿದ್ದರು.

ನೋಯ್ ನನ್ನನ್ನು ದಾಟಿ ಮುಂದೆ ಹೋಗಿ, ಅವರ ಚಾಚಿದ ಕೈ ಎರಡನ್ನೂ ತಮ್ಮ ಕೈಯಲ್ಲಿ ಹಿಡಿದರು. ಪುಟ್ಟಸ್ವಾಮಿ ಒಮ್ಮೆಲೇ ಬಿಗಿಯಾದರು. ಕೈಗೆ ಕೈ ಸಿಕ್ಕರೆ ಅವರ ಲೋಕದಲ್ಲಿ ಅದರ ಅರ್ಥ ಒಂದೇ. ಆದರೆ ಈ ಕೈ ಬೆಚ್ಚಗಿತ್ತು, ತಿರುಗಿ ಹಿಡಿದುಕೊಂಡಿತ್ತು. ನೋಯ್ ಒಂದು ಕೈ ಬಿಡಿಸಿಕೊಂಡು ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರು. ಪುಟ್ಟಸ್ವಾಮಿ ಕಣ್ಣು ಬಿಟ್ಟರು.

ಅಲ್ಲಿ ಏನಿತ್ತೆಂದು ಹೇಳಲು ಇಪ್ಪತ್ತು ವರ್ಷದ ಪಾಠ ಸಾಲದು. ಪುಸ್ತಕದ ಚಿತ್ರದಷ್ಟು ಕೆಂಪು ಇರಲಿಲ್ಲ. ಆಳದಲ್ಲಿ ಕೆಂಪು ಮಾಸುತ್ತದೆ. ನಾನು ಬಾಟಲಿಯಲ್ಲಿ ತೋರಿಸುತ್ತಿದ್ದ ಬಿಳಿ ಮುದ್ದೆ ಅಲ್ಲಿ ನೇರಳೆ ಅಂಚಿನ ಹೂವಾಗಿ, ನೂರು ಬೆರಳು ಚಾಚಿ, ನೀರು ಹೋದ ಕಡೆ ಹೋಗಿ ನೀರು ಬಂದ ಕಡೆ ಬರುತ್ತಿತ್ತು. ಅದರ ಬೆರಳ ನಡುವೆ ಕಿತ್ತಳೆ ಮೀನೊಂದು ಮನೆಯ ಬಾಗಿಲಲ್ಲಿ ನಿಂತ ಯಜಮಾನನ ಹಾಗೆ ನನ್ನನ್ನು ಗದರಿಸಲು ಬಂತು. ಹವಳದ ರಂಧ್ರಗಳಿಂದ ಜೀವಗಳು ಇಣುಕುತ್ತಿದ್ದವು. ನಾನು ಹೇಳಿಕೊಟ್ಟದ್ದು ಸುಳ್ಳಾಗಿರಲಿಲ್ಲ. ಅಷ್ಟು ಸಮಾಧಾನ ನನಗೆ ಬೇಕಾಗಿತ್ತು. ಪುಟ್ಟಸ್ವಾಮಿ ಎರಡು ಕೈಯನ್ನೂ ಎದೆಯ ಮೇಲೆ ಕಟ್ಟಿಕೊಂಡು, ನೀರಿನ ನಡುವೆ ನಿಂತಲ್ಲೇ ನಿಂತು, ತಲೆ ಮಾತ್ರ ತಿರುಗಿಸುತ್ತಿದ್ದರು. ಗಾಳಿ ಮುಗಿಯುತ್ತ ಬಂತೆಂದು ನೋಯ್ ಮೂರು ಸಲ ಸನ್ನೆ ಮಾಡಿದ ಮೇಲೆ ಮೇಲಕ್ಕೆ ಹೊರಟರು.

ಊಟದ ಹೊತ್ತಿನಲ್ಲಿ ಪುಟ್ಟಸ್ವಾಮಿ ತಟ್ಟೆ ಪಕ್ಕಕ್ಕಿಟ್ಟು ಹೇಳಿದರು: "ಬೆಂಗ್ಳೂರ್ ಪೂಲು ನೀರಲ್ಲ ಸಾ, ಅದು ತೊಟ್ಟಿ. ಇದು ನೀರು. ಕಾಲ್ಗೆ ನೆಲ ಸಿಗ್ದಿದ್ದೇಟ್ಗೇ ಕಣ್ಣು ತಾನಾಗೇ ಮುಚ್ಕತ್ತು. ನಾನ್ ಮುಚ್ಚಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಆವತ್ತು ನಿಮ್ ಪಟ್ಟಣ್ದ ಉಡ್ಗ ಸಿಕ್ದಾಗ, ಅವ್ನ್ ಅಂಗೈ ತೆರ್ದೇ ಇತ್ತು ಸಾ. ಯಾರ್ನೋ ಕರೀತಿರೋನಂಗೆ. ಇಷ್ಟೊರ್ಸ ಯಾರ್ಗೂ ಏಳಿರ್ಲಿಲ್ಲ" ಎಂದರು.

ಹನ್ನೊಂದು ವರ್ಷದ ಹಿಂದೆ ಕೆರೆಯ ಏರಿಯ ಮೇಲೆ ನನ್ನಿಂದ ಆಗದಿದ್ದ ಮಾತು ಅಲ್ಲಿಯೂ ಆಗಲಿಲ್ಲ. ಅವರ ಪಕ್ಕಕ್ಕೆ ಹೋಗಿ ಕೂತೆ. ಇಬ್ಬರೂ ನೀರು ನೋಡಿದೆವು. ಅದು ಸಾಕಾಯಿತು ಎಂದು ಈಗ ತೋರುತ್ತದೆ.

ನಾಲ್ಕನೆಯ ದಿನ ಗಾಳಿ ಎದ್ದಿತು. ಎಲ್ಲರೂ ಬಯಸಿ ಬಂದಿದ್ದ ಹೆಸರಾಂತ ಬಂಡೆಯ ಜಾಗಕ್ಕೆ ಹೋಗದೆ ನೋಯ್ ಬೋಟನ್ನು ಒಂದು ದ್ವೀಪದ ಮರೆಗೆ ತಿರುಗಿಸಿದರು. ಬೇರೆ ಪ್ರಯಾಣಿಕರಿಬ್ಬರು ಗೊಣಗಿದರು. ಪುಟ್ಟಸ್ವಾಮಿ ನೋಯ್ ಪಕ್ಕದಲ್ಲಿ ಹೋಗಿ ಕೈ ಕಟ್ಟಿ ನಿಂತುಕೊಂಡರು, ಶಾಲೆಯ ಮೈದಾನದಲ್ಲಿ ನಿಲ್ಲುವ ಹಾಗೆ. ಗೊಣಗಾಟ ನಿಂತಿತು. ಸಂಜೆ ಅಲೆ ಏಳುವುದನ್ನು ಮರೆಯಿಂದ ನೋಡಿದ ಆ ಇಬ್ಬರೂ ತಾವಾಗಿಯೇ ಬಂದು ಆಕೆಗೆ ಥ್ಯಾಂಕ್ಸ್ ಹೇಳಿದರು.

ಬೆಂಗಳೂರಿಗೆ ಬಂದಿಳಿದು, ಹಾಸನದಲ್ಲಿ ವಸಂತಳಿಗೆ ಮುಖ ತೋರಿಸಿ, ನಾನೂ ಪುಟ್ಟಸ್ವಾಮಿಯವರ ಜೊತೆಗೇ ಅರಕಲಗೂಡು ಬಸ್ಸು ಹತ್ತಿದೆ. ಅವರನ್ನು ಅವರ ತಾಯಿಗೆ ಒಪ್ಪಿಸಿ ಬರಬೇಕು ಎಂದು ನನಗೇಕೋ ಅನ್ನಿಸಿತ್ತು. ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಹಳ್ಳಿ ಸೇರಿದೆವು.

ಮನೆಯ ಅಂಗಳದಲ್ಲಿ, ಬಾಗಿಲಿನಿಂದ ಮಾರು ದೂರಕ್ಕೆ, ಒಂದು ಹಂಡೆಯಲ್ಲಿ ನೀರು ಕಾದು ಹಬೆಯಾಡುತ್ತಿತ್ತು. ಪಕ್ಕದ ಕಲ್ಲಿನ ಮೇಲೆ ಒಗೆದ ಪಂಚೆ, ಅರಿಶಿನ, ಸೀಗೆಪುಡಿ. ನನಗೆ ಅರ್ಥವಾಗಲಿಲ್ಲ. ಪುಟ್ಟಸ್ವಾಮಿ ಮೆಲ್ಲಗೆ ಹೇಳಿದರು: ಅವರು ನೀರಿಗಿಳಿದು ಬಂದಾಗಲೆಲ್ಲ ತಾಯಿ ಹೀಗೆ ಹೊರಗೇ ನೀರು ಕಾಯಿಸಿಡುವುದು. ಸಾವು ಮುಟ್ಟಿ ಬಂದವನು ತಲೆಗೆ ನೀರು ಹುಯ್ದುಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ. ಇಪ್ಪತ್ತು ವರ್ಷದಿಂದ ಒಂದು ಸಲವೂ ತಪ್ಪಿಸಿಲ್ಲ. ಯಾರ ಮಗ, ಏನಾಯಿತು ಎಂದು ಕೇಳಿಯೂ ಇಲ್ಲ. ನೀರು ಕಾಯಿಸಿಡುವುದು, ಅಷ್ಟೆ.

ಕಾಳಮ್ಮ ಬಾಗಿಲಿಗೆ ಬಂದು ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ನೀರ್ ಕಾದದೆ" ಎಂದರು.

"ಈ ಸತಿ ಬ್ಯಾಡ ಕಣವ್ವ."

"ಅಷ್ಟ್ ದೂರ ಓಗಿ ನೀರ್ಗ್ ಇಳ್ದಿದ್ದೆ. ಏನ್ ತಂದೆ?"

"ಏನೂ ತರ್ಲಿಲ್ಲ ಕಣವ್ವ. ಎಲ್ಲಾ ಅಲ್ಲೇ ಅವೆ. ಬದುಕವೆ."

ತಾಯಿ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಅಂಗಾರೆ ಒಳೀಕ್ ಬಾ. ಮೇಷ್ಟ್ರುನೂ ಕರ್ಕಬಾ. ಮುದ್ದೆ ಆರೋಯ್ತದೆ."